ವಾಲೆಟ್‌ನಲ್ಲಿ ಹಣ ಇದೆ, ಆದರೆ ಹೋಗುತ್ತಿಲ್ಲ: ಕ್ರಿಪ್ಟೊ ಶುಲ್ಕದ ತೊಂದರೆಗಳು ಮತ್ತು ಪರಿಹಾರ

ಫೋನಿನ ವಾಲೆಟ್ ತೆರೆದರೆ 600 ಯುಎಸ್‌ಡಿಟಿ ಕಾಣುತ್ತದೆ. ಊರಿನಲ್ಲಿರುವ ತಮ್ಮನ ವಿಳಾಸ ಹಾಕಿ ‘ಸೆಂಡ್’ ಒತ್ತಿದರೆ ‘ಶುಲ್ಕಕ್ಕೆ ಬೇಕಾದಷ್ಟು ಬ್ಯಾಲೆನ್ಸ್ ಇಲ್ಲ’ ಅಂತ ಬರುತ್ತದೆ. 600 ಡಾಲರ್ ಇರುವಾಗ ಎರಡು ಡಾಲರ್ ಫೀ ಕಟ್ಟಲು ಹಣ ಇಲ್ಲ ಅಂದ್ರೆ ಏನರ್ಥ? ಇಲ್ಲಿಂದಲೇ ಗಾಬರಿ ಶುರುವಾಗುತ್ತದೆ. ಗಾಬರಿಯಲ್ಲಿ ಟೆಲಿಗ್ರಾಮ್ ಗ್ರೂಪಿನಲ್ಲಿ ‘ಸಹಾಯ ಮಾಡಿ’ ಅಂತ ಬರೆಯುತ್ತೇವೆ. ಐದು ನಿಮಿಷದಲ್ಲಿ ‘ಕಸ್ಟಮರ್ ಕೇರ್’ ಹೆಸರಿನಲ್ಲಿ ಯಾರೋ ಮೆಸೇಜ್ ಮಾಡುತ್ತಾರೆ. ಎರಡು ಡಾಲರ್‌ನಲ್ಲಿ ಮುಗಿಯಬೇಕಿದ್ದ ಸಮಸ್ಯೆಗೆ ಎರಡು ತಿಂಗಳ ಸಂಬಳ ಹೋಗುತ್ತದೆ.

ಕ್ರಿಪ್ಟೊ ತಗೊಳ್ಳಿ ಅಂತಲೋ ಬೇಡ ಅಂತಲೋ ಹೇಳುವುದು ಈ ಲೇಖನದ ಉದ್ದೇಶ ಅಲ್ಲ. ನಮ್ಮಲ್ಲಿ ಅನೇಕರ ಫೋನಿನಲ್ಲಿ ಈಗಾಗಲೇ ವಾಲೆಟ್ ಇದೆ. ರೂಮ್‌ಮೇಟ್ ಹೇಳಿದ ಅಂತ ತೆರೆದವರು ಇದ್ದಾರೆ, ಓವರ್‌ಟೈಮ್ ದುಡ್ಡನ್ನು ಅದರಲ್ಲಿ ಕೂಡಿಡುವವರೂ ಇದ್ದಾರೆ. ಆ ಹಣ ಸಿಕ್ಕಿಹಾಕಿಕೊಂಡಾಗ ಏನು ಮಾಡಬೇಕು, ಏನು ಮಾಡಬಾರದು ಅನ್ನುವುದನ್ನು ಲೆಕ್ಕದ ರೀತಿಯಲ್ಲಿ ಹೇಳುತ್ತೇನೆ.

ಮೊದಲು ಮೂರು ಪ್ರಶ್ನೆ

ಶುಲ್ಕದ ತೊಂದರೆ ಯಾವುದೇ ಇರಲಿ, ಈ ಮೂರು ಪ್ರಶ್ನೆ ಕೇಳಿಕೊಳ್ಳಿ.

1. ನನ್ನ ಹಣ ಯಾವ ನೆಟ್‌ವರ್ಕ್‌ನಲ್ಲಿದೆ?
2. ಆ ನೆಟ್‌ವರ್ಕ್ ಯಾವ ನಾಣ್ಯದಲ್ಲಿ ಶುಲ್ಕ ತೆಗೆದುಕೊಳ್ಳುತ್ತದೆ?
3. ಈ ಶುಲ್ಕ ನನ್ನ ವಾಲೆಟ್‌ನಿಂದ ತಾನಾಗಿ ಕಡಿತವಾಗುತ್ತಿದೆಯೋ, ಇಲ್ಲ ಯಾರೋ ನನ್ನನ್ನು ಕೇಳುತ್ತಿದ್ದಾರೋ?

ಎಕ್ಸ್‌ಚೇಂಜ್ ಹೌಸ್‌ನಲ್ಲಿ ಹಣ ಕಳಿಸುವಾಗ ದಿರ್ಹಂ ಕೊಡುತ್ತೀರಿ, ಫೀಯನ್ನೂ ದಿರ್ಹಂನಲ್ಲೇ ಕೊಡುತ್ತೀರಿ. ವಾಲೆಟ್‌ನಲ್ಲಿ ಹಾಗಲ್ಲ. ದುಬೈಯಲ್ಲಿ ಗಾಡಿ ಓಡಿಸುವವರಿಗೆ ಸಾಲಿಕ್ ಗೊತ್ತು. ಗಾಡಿಯೊಳಗೆ ಚಿನ್ನ ಇದ್ದರೂ ಟೋಲ್‌ಗೆ ಆಗುವುದಿಲ್ಲ, ಸಾಲಿಕ್ ಖಾತೆಯಲ್ಲಿ ಬ್ಯಾಲೆನ್ಸ್ ಬೇಕು. ಇದೂ ಅದೇ ರೀತಿ. ಯುಎಸ್‌ಡಿಟಿ ಅನ್ನುವುದು ಗಾಡಿಯೊಳಗಿನ ಸಾಮಾನು. ಅದು ಓಡುವ ರಸ್ತೆಯೇ ನೆಟ್‌ವರ್ಕ್. ಪ್ರತಿ ರಸ್ತೆಗೂ ತನ್ನದೇ ಟೋಲ್ ನಾಣ್ಯ ಇದೆ: ಟ್ರಾನ್ ನೆಟ್‌ವರ್ಕ್‌ಗೆ ಟಿಆರ್‌ಎಕ್ಸ್, ಇಥೀರಿಯಂಗೆ ಇಥರ್, ಬಿಟ್‌ಕಾಯಿನ್‌ಗೆ ಬಿಟ್‌ಕಾಯಿನ್.

ಯುಎಸ್‌ಡಿಟಿ ಹಲವು ನೆಟ್‌ವರ್ಕ್‌ಗಳಲ್ಲಿ ಸಿಗುತ್ತದೆ. ವಾಲೆಟ್‌ನಲ್ಲಿ ಹೆಸರಿನ ಪಕ್ಕ ‘ಟಿಆರ್‌ಸಿ-20’ ಅಂತಿದ್ದರೆ ಅದು ಟ್ರಾನ್, ‘ಇಆರ್‌ಸಿ-20’ ಅಂತಿದ್ದರೆ ಇಥೀರಿಯಂ. ಎರಡೂ ಒಂದು ಡಾಲರ್ ಬೆಲೆಯವೇ, ಆದರೆ ರಸ್ತೆ ಬೇರೆ, ಟೋಲ್ ಬೇರೆ. ಟ್ರಾನ್ ವಿಳಾಸ ಇಂಗ್ಲಿಷಿನ ‘ಟಿ’ ಅಕ್ಷರದಿಂದ ಶುರುವಾಗುತ್ತದೆ. ಇಥೀರಿಯಂ ವಿಳಾಸ ಸೊನ್ನೆ ಮತ್ತು ‘ಎಕ್ಸ್’ನಿಂದ ಶುರುವಾಗುತ್ತದೆ.

ಟ್ರಾನ್‌ನಲ್ಲಿ ಯುಎಸ್‌ಡಿಟಿ ಇದೆ, ಟಿಆರ್‌ಎಕ್ಸ್ ಇಲ್ಲ

ಮೇಲೆ ಹೇಳಿದ 600 ಯುಎಸ್‌ಡಿಟಿ ಸಮಸ್ಯೆ ಸಾಮಾನ್ಯವಾಗಿ ಇದೇ ಆಗಿರುತ್ತದೆ. ಹಣ ಕಳೆದುಹೋಗಿಲ್ಲ, ಟೋಲ್‌ಗೆ ಬ್ಯಾಲೆನ್ಸ್ ಇಲ್ಲ, ಅಷ್ಟೇ.

ಟ್ರಾನ್ ತನ್ನ ಶುಲ್ಕವನ್ನು ಎರಡು ಬಾಬ್ತಿನಲ್ಲಿ ಲೆಕ್ಕ ಹಾಕುತ್ತದೆ: ಬ್ಯಾಂಡ್‌ವಿಡ್ತ್ ಮತ್ತು ಎನರ್ಜಿ. ಬ್ಯಾಂಡ್‌ವಿಡ್ತ್ ಪ್ರತಿ ಖಾತೆಗೂ ದಿನಕ್ಕೆ 600 ಅಂಕ ಉಚಿತ. ಒಂದು ಯುಎಸ್‌ಡಿಟಿ ವರ್ಗಾವಣೆಗೆ ಸುಮಾರು 345 ಅಂಕ ಬೇಕು. ಅಂದ್ರೆ ದಿನದ ಮೊದಲ ವರ್ಗಾವಣೆಗೆ ಸಾಕಾಗುತ್ತದೆ, ಎರಡನೆಯದಕ್ಕೆ ಸಾಕಾಗಲ್ಲ, ಅದಕ್ಕೆ ಸ್ವಲ್ಪ ಟಿಆರ್‌ಎಕ್ಸ್ ಹೋಗುತ್ತದೆ. ಇದು ಚಿಲ್ಲರೆ ಖರ್ಚು.

ದೊಡ್ಡ ಖರ್ಚು ಎನರ್ಜಿಯದು. ಪಡೆಯುವವರ ವಿಳಾಸದಲ್ಲಿ ಮೊದಲೇ ಯುಎಸ್‌ಡಿಟಿ ಇದ್ದರೆ ಸುಮಾರು 65,000 ಎನರ್ಜಿ ಬೇಕು. ಅವರ ಬಳಿ ಯುಎಸ್‌ಡಿಟಿ ಏನೂ ಇಲ್ಲದಿದ್ದರೆ ಅದರ ಎರಡರಷ್ಟು, ಸುಮಾರು 1,30,000. ಎನರ್ಜಿ ಇಲ್ಲದವರಿಂದ ನೆಟ್‌ವರ್ಕ್ ಅದರ ಬದಲು ಟಿಆರ್‌ಎಕ್ಸ್ ತೆಗೆದುಕೊಳ್ಳುತ್ತದೆ. ಈ ದರವನ್ನು ಟ್ರಾನ್‌ನ ಪ್ರತಿನಿಧಿಗಳು ಮತ ಹಾಕಿ ಬದಲಾಯಿಸುತ್ತಾರೆ. 2025ರ ಆಗಸ್ಟ್ ಕೊನೆಯಲ್ಲಿ ಒಂದು ಎನರ್ಜಿಗೆ 0.00021 ಟಿಆರ್‌ಎಕ್ಸ್ ಇದ್ದದ್ದನ್ನು 0.0001ಕ್ಕೆ ಇಳಿಸಿದರು. ಆ ದರದಲ್ಲಿ ಲೆಕ್ಕ ಹೀಗೆ:

- ಪಡೆಯುವವರ ಬಳಿ ಯುಎಸ್‌ಡಿಟಿ ಇದ್ದರೆ: 65,000 × 0.0001 = 6.5 ಟಿಆರ್‌ಎಕ್ಸ್
- ಇಲ್ಲದಿದ್ದರೆ: 1,30,000 × 0.0001 = 13 ಟಿಆರ್‌ಎಕ್ಸ್

ಕಳಿಸುವ ಮೊತ್ತ ಈ ಲೆಕ್ಕದಲ್ಲಿ ಎಲ್ಲೂ ಬಂದಿಲ್ಲ, ಗಮನಿಸಿ. 20 ಡಾಲರ್ ಕಳಿಸಿದರೂ 2,000 ಡಾಲರ್ ಕಳಿಸಿದರೂ ಶುಲ್ಕ ಒಂದೇ. ವಾರಕ್ಕೊಮ್ಮೆ 50 ಡಾಲರ್ ಕಳಿಸುವವರು ತಿಂಗಳಿಗೊಮ್ಮೆ 200 ಕಳಿಸಿದರೆ ಖರ್ಚು ಕಾಲು ಭಾಗಕ್ಕೆ ಇಳಿಯುತ್ತದೆ.

ಪರಿಹಾರ ಏನು? ನೀವು ಯುಎಸ್‌ಡಿಟಿ ಕೊಂಡ ಎಕ್ಸ್‌ಚೇಂಜ್ ಆ್ಯಪ್‌ನಲ್ಲೇ 20ರಿಂದ 30 ಟಿಆರ್‌ಎಕ್ಸ್ ಕೊಂಡು, ಟ್ರಾನ್ ನೆಟ್‌ವರ್ಕ್ ಆಯ್ಕೆ ಮಾಡಿ, ನಿಮ್ಮದೇ ವಾಲೆಟ್ ವಿಳಾಸಕ್ಕೆ ಕಳಿಸಿಕೊಳ್ಳಿ. ಯುಎಸ್‌ಡಿಟಿ ಇರುವ ಅದೇ ವಿಳಾಸ ಆಗಿರಬೇಕು. ಪರಿಚಯದ ಗೆಳೆಯರ ಬಳಿ ಟಿಆರ್‌ಎಕ್ಸ್ ಇದ್ದರೆ ಅವರಿಂದ ಹಾಕಿಸಿಕೊಂಡು ನಗದು ಕೊಡಬಹುದು. ಅವರಿಗೆ ನಿಮ್ಮ ವಿಳಾಸ ಮಾತ್ರ ಸಾಕು, ಬೇರೆ ಏನೂ ಕೊಡುವ ಅಗತ್ಯ ಇಲ್ಲ. ವಿಳಾಸ ಹೊಸದಾಗಿದ್ದು, ಅದಕ್ಕೆ ಹಿಂದೆ ಟಿಆರ್‌ಎಕ್ಸ್ ಬಂದೇ ಇಲ್ಲದಿದ್ದರೆ, ಖಾತೆ ಚಾಲೂ ಮಾಡಲು ಕಳಿಸುವವರಿಗೆ ಒಂದು ಟಿಆರ್‌ಎಕ್ಸ್‌ಗಿಂತ ತುಸು ಹೆಚ್ಚು ಖರ್ಚಾಗುತ್ತದೆ. ಇದು ಒಂದೇ ಸಲ.

ಇನ್ನೊಂದು ವಿಷಯ. ವಾಲೆಟ್‌ನಲ್ಲಿ ಎರಡೋ ಮೂರೋ ಟಿಆರ್‌ಎಕ್ಸ್ ಮಾತ್ರ ಇದ್ದು, ‘ನೋಡೋಣ’ ಅಂತ ಒತ್ತಿದರೆ ಕೆಲವೊಮ್ಮೆ ವಹಿವಾಟು ಅರ್ಧದಲ್ಲಿ ನಿಂತು ‘ಔಟ್ ಆಫ್ ಎನರ್ಜಿ’ ಅಂತ ಬರುತ್ತದೆ. ಯುಎಸ್‌ಡಿಟಿ ನಿಮ್ಮಲ್ಲೇ ಉಳಿಯುತ್ತದೆ, ಆದರೆ ಇದ್ದ ಟಿಆರ್‌ಎಕ್ಸ್ ಖರ್ಚಾಗಿ ಹೋಗಿರುತ್ತದೆ. ಮತ್ತೆ ಮತ್ತೆ ಒತ್ತಬೇಡಿ. ಮೊದಲು ಸಾಕಷ್ಟು ಟಿಆರ್‌ಎಕ್ಸ್ ಹಾಕಿಕೊಳ್ಳಿ.

ಊರಿನವರ ವಾಲೆಟ್‌ಗೂ ಇದೇ ನಿಯಮ. ತಮ್ಮನಿಗೆ ಯುಎಸ್‌ಡಿಟಿ ಮಾತ್ರ ಕಳಿಸಿದರೆ ಅದನ್ನು ಮಾರಲು ಎಕ್ಸ್‌ಚೇಂಜ್‌ಗೆ ದಾಟಿಸುವಾಗ ಅವನೂ ಟಿಆರ್‌ಎಕ್ಸ್ ಇಲ್ಲದೆ ನಿಲ್ಲುತ್ತಾನೆ. ಆಸ್ಪತ್ರೆ ಖರ್ಚಿಗೆ ಅಂತ ಕಳಿಸಿದ ಹಣ ಕಣ್ಣೆದುರಿಗಿದ್ದೂ ಕೈಗೆ ಸಿಗದೆ ಹೋಗುತ್ತದೆ.

ಇಥೀರಿಯಂನಲ್ಲಿ ‘ಪೆಂಡಿಂಗ್’ ಅಂತ ನಿಂತರೆ

ಇಥೀರಿಯಂನಲ್ಲಿ ಶುಲ್ಕಕ್ಕೆ ಗ್ಯಾಸ್ ಅನ್ನುತ್ತಾರೆ. ಕೆಲಸಕ್ಕೆ ಎಷ್ಟು ಗ್ಯಾಸ್ ಬೇಕು, ಒಂದು ಗ್ಯಾಸ್‌ಗೆ ಬೆಲೆ ಎಷ್ಟು, ಈ ಎರಡನ್ನು ಗುಣಿಸಿದರೆ ಶುಲ್ಕ. ಬೆಲೆಯನ್ನು ಗ್ವೇ ಎಂಬ ಅಳತೆಯಲ್ಲಿ ಹೇಳುತ್ತಾರೆ. 100 ಕೋಟಿ ಗ್ವೇ ಸೇರಿದರೆ ಒಂದು ಇಥರ್. ಬರೀ ಇಥರ್ ಕಳಿಸಲು 21,000 ಗ್ಯಾಸ್ ಬೇಕು. ಯುಎಸ್‌ಡಿಟಿ ಕಳಿಸಲು ಅದಕ್ಕಿಂತ ಹೆಚ್ಚು, ಸುಮಾರು 65,000ದವರೆಗೆ. ಬೆಲೆ 20 ಗ್ವೇ ಇದ್ದ ದಿನ ಇಥರ್ ಕಳಿಸಲು 0.00042 ಇಥರ್, ಯುಎಸ್‌ಡಿಟಿ ಕಳಿಸಲು 0.0013 ಇಥರ್ ಶುಲ್ಕ. ಸಂಚಾರ ಹೆಚ್ಚಾದಾಗ ಈ ಬೆಲೆ ಹಲವು ಪಟ್ಟು ಏರುತ್ತದೆ. ಕೆಲವು ಗಂಟೆ ಕಾದರೆ ಇಳಿಯುವುದೂ ಉಂಟು.

2021ರ ಆಗಸ್ಟ್‌ನಿಂದ ಈ ಬೆಲೆಗೆ ಎರಡು ಭಾಗ ಇದೆ: ನೆಟ್‌ವರ್ಕ್ ನಿಗದಿ ಮಾಡುವ ಮೂಲ ದರ ಮತ್ತು ಬೇಗ ಆಗಲಿ ಅಂತ ಕೊಡುವ ಟಿಪ್. ನೀವು ಕೈಯಾರೆ ಕಡಿಮೆ ದರ ಹಾಕಿ ಕಳಿಸಿದರೆ, ಮೂಲ ದರ ಅದಕ್ಕಿಂತ ಮೇಲಿರುವವರೆಗೆ ವಹಿವಾಟು ‘ಪೆಂಡಿಂಗ್’ ಆಗಿ ನಿಲ್ಲುತ್ತದೆ.

ಇಲ್ಲಿ ತುಂಬ ಜನ ಮಾಡುವುದು ಇನ್ನೊಮ್ಮೆ ಕಳಿಸುವುದು. ಅದರಿಂದ ಪ್ರಯೋಜನ ಇಲ್ಲ. ನಿಮ್ಮ ಖಾತೆಯ ಪ್ರತಿ ವಹಿವಾಟಿಗೂ ಕ್ರಮಸಂಖ್ಯೆ ಇದೆ, ಟೋಕನ್ ನಂಬರ್ ಇದ್ದ ಹಾಗೆ. 14ನೆಯದು ಆಗದೆ 15ನೆಯದು ಆಗುವುದಿಲ್ಲ. ಆದ್ದರಿಂದ ನಿಂತಿರುವ ವಹಿವಾಟನ್ನೇ ತೆರೆದು ‘ಸ್ಪೀಡ್ ಅಪ್’ ಒತ್ತಿ. ವಾಲೆಟ್ ಅದೇ ನಂಬರಿನಲ್ಲಿ ಹೆಚ್ಚಿನ ದರ ಹಾಕಿ ಮತ್ತೆ ಕಳಿಸುತ್ತದೆ. ಬೇಡವೆಂದರೆ ‘ಕ್ಯಾನ್ಸಲ್’ ಒತ್ತಬಹುದು, ಆದರೆ ಅದಕ್ಕೂ ಶುಲ್ಕ ಇದೆ. ಈ ಎರಡೂ ಬಟನ್ ನಿಮ್ಮ ವಾಲೆಟ್ ಆ್ಯಪ್‌ನ ಒಳಗೇ ಇರುತ್ತವೆ. ಹೊರಗಿನ ಯಾರೂ ಇದನ್ನು ನಿಮಗಾಗಿ ಮಾಡಿಕೊಡಲು ಆಗುವುದಿಲ್ಲ.

‘ಪೆಂಡಿಂಗ್’ ಬೇರೆ, ‘ಫೇಲ್ಡ್’ ಬೇರೆ. ಫೇಲ್ ಆದರೂ ಗ್ಯಾಸ್ ಖರ್ಚಾಗಿರುತ್ತದೆ, ವಾಪಸ್ ಬರುವುದಿಲ್ಲ. ‘ಗ್ಯಾಸ್ ರೀಫಂಡ್ ಕೊಡಿಸುತ್ತೇವೆ’ ಅನ್ನುವವರು ಮೋಸಗಾರರು.

ಬಿಟ್‌ಕಾಯಿನ್ ಗಂಟೆಗಟ್ಟಲೆ ಹೋಗದಿದ್ದರೆ

ಬಿಟ್‌ಕಾಯಿನ್‌ನಲ್ಲಿ ಸರಾಸರಿ ಹತ್ತು ನಿಮಿಷಕ್ಕೆ ಒಂದು ಬ್ಲಾಕ್ ಆಗುತ್ತದೆ. ಅದರಲ್ಲಿ ಜಾಗ ಕಡಿಮೆ, ಹೆಚ್ಚು ದರ ಕೊಟ್ಟವರಿಗೆ ಮೊದಲ ಸೀಟು. ಇಲ್ಲಿಯೂ ಶುಲ್ಕ ಮೊತ್ತದ ಮೇಲಲ್ಲ, ವಹಿವಾಟು ಕಂಪ್ಯೂಟರ್ ಲೆಕ್ಕದಲ್ಲಿ ಎಷ್ಟು ಜಾಗ ಹಿಡಿಯುತ್ತದೆ ಅನ್ನುವುದರ ಮೇಲೆ. ಸಣ್ಣ ಸಣ್ಣ ಮೊತ್ತ ಹತ್ತು ಸಲ ಬಂದು ಕೂಡಿದ್ದರೆ ಅದನ್ನೆಲ್ಲ ಸೇರಿಸಿ ಕಳಿಸುವಾಗ ಹೆಚ್ಚು ಜಾಗ ಬೇಕು, ಶುಲ್ಕವೂ ಹೆಚ್ಚು.

ಕಡಿಮೆ ದರ ಹಾಕಿ ಸಿಕ್ಕಿಹಾಕಿಕೊಂಡರೆ ಮೂರು ದಾರಿ ಇದೆ. ಒಂದು, ವಾಲೆಟ್‌ನಲ್ಲಿ ಶುಲ್ಕ ಹೆಚ್ಚಿಸುವ ಆಯ್ಕೆ ಇದ್ದರೆ ಬಳಸಿ. ಎರಡು, ಹಣ ಪಡೆಯಬೇಕಾದವರು ಆ ಬಾಕಿ ಮೊತ್ತವನ್ನೇ ಹೆಚ್ಚಿನ ಶುಲ್ಕ ಹಾಕಿ ಮುಂದಕ್ಕೆ ಕಳಿಸಿದರೆ ಎರಡೂ ಒಟ್ಟಿಗೆ ದಾಟುತ್ತವೆ. ಆದರೆ ಅವರ ವಾಲೆಟ್ ಅದಕ್ಕೆ ಅವಕಾಶ ಕೊಡಬೇಕು. ಮೂರು, ಕಾಯಿರಿ. ಸಾಮಾನ್ಯ ಸೆಟ್ಟಿಂಗ್‌ನಲ್ಲಿ ಓಡುವ ಬಿಟ್‌ಕಾಯಿನ್ ಕಂಪ್ಯೂಟರ್‌ಗಳು 14 ದಿನ ಆದರೂ ಆಗದ ವಹಿವಾಟನ್ನು ತಮ್ಮ ಪಟ್ಟಿಯಿಂದ ಕೈಬಿಡುತ್ತವೆ. ಆಗ ಆ ಮೊತ್ತವನ್ನು ಮತ್ತೆ ಬಳಸಬಹುದು.

ಎಕ್ಸ್‌ಚೇಂಜ್‌ನ ಶುಲ್ಕ ಬೇರೆಯೇ

ಎಕ್ಸ್‌ಚೇಂಜ್ ಆ್ಯಪ್‌ನಿಂದ ಹಣ ತೆಗೆಯುವಾಗ ಕಾಣುವ ‘ವಿತ್‌ಡ್ರಾವಲ್ ಫೀ’ ನೆಟ್‌ವರ್ಕ್‌ನ ಶುಲ್ಕ ಅಲ್ಲ. ಅದು ಆ ಕಂಪನಿ ನಿಗದಿ ಮಾಡಿದ ದರ, ನಿಮ್ಮ ಮೊತ್ತದಲ್ಲೇ ಕಡಿತವಾಗುತ್ತದೆ. ಅಲ್ಲಿ ನಿಮಗೆ ಟಿಆರ್‌ಎಕ್ಸ್ ಬೇಕಾಗುವುದಿಲ್ಲ. ಒಂದೇ ಯುಎಸ್‌ಡಿಟಿಗೆ ನೆಟ್‌ವರ್ಕ್‌ನಿಂದ ನೆಟ್‌ವರ್ಕ್‌ಗೆ ಈ ದರ ಬೇರೆ ಬೇರೆ. ಹಾಗಂತ ಕಡಿಮೆ ಅಂತ ಕಂಡದ್ದನ್ನು ಒತ್ತಬೇಡಿ. ಪಡೆಯುವ ಕಡೆಯ ವಿಳಾಸ ಅದೇ ನೆಟ್‌ವರ್ಕ್‌ನದ್ದಾ ಅಂತ ಕೇಳಿ ಖಾತ್ರಿ ಮಾಡಿಕೊಳ್ಳಿ. ಒಂದು ಡಾಲರ್ ಉಳಿಸಲು ಹೋಗಿ ತಪ್ಪು ನೆಟ್‌ವರ್ಕ್‌ಗೆ ಕಳಿಸಿದರೆ ಪೂರ್ತಿ ಮೊತ್ತಕ್ಕೇ ಕುತ್ತು.

ಕಡಿತವಾಗುವ ಶುಲ್ಕ, ಕೇಳುವ ಶುಲ್ಕ

ಈಗ ಮೂರನೇ ಪ್ರಶ್ನೆಗೆ ಬರೋಣ. ನಿಜವಾದ ಶುಲ್ಕ ತಾನಾಗಿ ಕಡಿತವಾಗುತ್ತದೆ. ಸುಳ್ಳು ಶುಲ್ಕವನ್ನು ಯಾರೋ ಕೇಳುತ್ತಾರೆ. ಈ ಒಂದು ಮಾತು ನೆನಪಿದ್ದರೆ ಅರ್ಧ ಮೋಸ ತಪ್ಪುತ್ತದೆ. ಟ್ರಾನ್ ಆಗಲಿ ಇಥೀರಿಯಂ ಆಗಲಿ ನಿಮಗೆ ವಾಟ್ಸ್‌ಆ್ಯಪ್ ಮಾಡಿ ‘ಈ ವಿಳಾಸಕ್ಕೆ ಫೀ ಹಾಕಿ’ ಅನ್ನುವುದಿಲ್ಲ.

ಮೋಸದ ರೂಪಗಳು ಇವು:

*ಬಿಡುಗಡೆ ಶುಲ್ಕ.* ಯಾವುದೋ ಹೂಡಿಕೆ ಆ್ಯಪ್‌ನಲ್ಲಿ ನಿಮ್ಮ 500 ಡಾಲರ್ 4,000 ಆಗಿದೆ ಅಂತ ತೋರಿಸುತ್ತದೆ. ತೆಗೆಯಲು ಹೋದರೆ ‘ಮೊದಲು 10% ತೆರಿಗೆ ಕಟ್ಟಿ’ ಅನ್ನುತ್ತದೆ. ಕಟ್ಟಿದರೆ ‘ಗ್ಯಾಸ್ ಡೆಪಾಸಿಟ್’, ಅದೂ ಆದರೆ ‘ವೆರಿಫಿಕೇಶನ್ ಫೀ’. ಆ 4,000 ಪರದೆಯ ಮೇಲಿನ ಅಂಕಿ ಮಾತ್ರ. ನಿಜವಾಗಿ ಹಣ ಇದ್ದರೆ ಅದರಲ್ಲೇ ಕಡಿದುಕೊಳ್ಳಬಹುದಿತ್ತಲ್ಲ? ಹೊರಗಿಂದ ತನ್ನಿ ಅನ್ನುವುದೇ ಸುಳ್ಳಿನ ಗುರುತು.

*ಸೀಡ್ ಫ್ರೇಸ್ ಕೇಳುವವರು.* ‘ನಿಮ್ಮ ವಹಿವಾಟು ಸರಿಮಾಡುತ್ತೇವೆ, 12 ಪದ ಕಳಿಸಿ’ ಅಥವಾ ‘ಈ ಲಿಂಕ್‌ನಲ್ಲಿ ಹಾಕಿ’ ಅನ್ನುತ್ತಾರೆ. ಆ 12 ಅಥವಾ 24 ಪದ ಮನೆಯ ಬೀಗದ ಕೈ ಇದ್ದ ಹಾಗೆ. ಶುಲ್ಕದ ಯಾವ ತೊಂದರೆಗೂ ಅದನ್ನು ಇನ್ನೊಬ್ಬರಿಗೆ ಕೊಡುವ ಅಗತ್ಯ ಇಲ್ಲ.

*ಗಾಳದ ವಾಲೆಟ್.* ಯಾರೋ ದಡ್ಡರಂತೆ ನಟಿಸಿ ತಮ್ಮ ಸೀಡ್ ಫ್ರೇಸನ್ನೇ ಎಲ್ಲರಿಗೂ ಕಾಣುವಂತೆ ಬರೆಯುತ್ತಾರೆ. ‘ಇದರಲ್ಲಿ ಯುಎಸ್‌ಡಿಟಿ ಇದೆ, ತೆಗೆಯುವುದು ಹೇಗೆ?’ ಅಂತ ಕೇಳುತ್ತಾರೆ. ತೆರೆದು ನೋಡಿದರೆ ನಿಜಕ್ಕೂ ಹಣ ಇದೆ, ಟಿಆರ್‌ಎಕ್ಸ್ ಮಾತ್ರ ಇಲ್ಲ. ಆಸೆಪಟ್ಟು ನೀವು ಟಿಆರ್‌ಎಕ್ಸ್ ಹಾಕುತ್ತೀರಿ. ಆದರೆ ಟ್ರಾನ್‌ನಲ್ಲಿ ಖಾತೆಯ ಸಹಿ ಅಧಿಕಾರವನ್ನು ಬೇರೆ ಕೀಲಿಗೆ ಬದಲಾಯಿಸಲು ಸಾಧ್ಯ. ಇವರು ಮೊದಲೇ ಬದಲಾಯಿಸಿರುತ್ತಾರೆ. ನಿಮ್ಮ ಬಳಿ ಇರುವ ಪದಗಳಿಂದ ಏನೂ ಹೊರಡುವುದಿಲ್ಲ, ನೀವು ಹಾಕಿದ ಟಿಆರ್‌ಎಕ್ಸ್ ಅವರ ಪಾಲಾಗುತ್ತದೆ.

ಇದೇ ತಂತ್ರ ನಿಮ್ಮ ವಾಲೆಟ್ ಮೇಲೂ ನಡೆಯಬಹುದು. ಸಾಕಷ್ಟು ಟಿಆರ್‌ಎಕ್ಸ್ ಇದ್ದರೂ ‘ಸಹಿಗೆ ಅನುಮತಿ ಇಲ್ಲ’ ಎಂಬ ಅರ್ಥದ ಸಂದೇಶ ಬಂದರೆ ಅದು ಶುಲ್ಕದ ತೊಂದರೆ ಅಲ್ಲ. ಯಾರೋ ನಿಮ್ಮ ಖಾತೆಯ ಅಧಿಕಾರ ಬದಲಾಯಿಸಿರುವ ಸಾಧ್ಯತೆ ಇದೆ. ಇನ್ನಷ್ಟು ಟಿಆರ್‌ಎಕ್ಸ್ ಹಾಕುವುದನ್ನು ತಕ್ಷಣ ನಿಲ್ಲಿಸಿ, ಆ ವಿಳಾಸಕ್ಕೆ ಯಾರಿಂದಲೂ ಹಣ ತರಿಸಿಕೊಳ್ಳಬೇಡಿ.

ಪೂರ್ತಿ ಖರ್ಚಿನ ಲೆಕ್ಕ

‘ಕ್ರಿಪ್ಟೊದಲ್ಲಿ ಕಳಿಸಿದರೆ ಫೀ ಇಲ್ಲ’ ಅನ್ನುವ ಮಾತು ಲೇಬರ್ ಕ್ಯಾಂಪ್‌ಗಳಲ್ಲಿ ಓಡಾಡುತ್ತದೆ. ಒಂದು ಉದಾಹರಣೆ ತೆಗೆದುಕೊಂಡು ನೋಡೋಣ. ಯುಎಇಯಲ್ಲಿ ಒಂದು ಡಾಲರ್‌ಗೆ 3.6725 ದಿರ್ಹಂ ನಿಗದಿತ ದರ. 1,000 ದಿರ್ಹಂ ಅಂದ್ರೆ ಸುಮಾರು 272.3 ಡಾಲರ್. ಕೆಳಗಿನ ದರಗಳು ಲೆಕ್ಕಕ್ಕಾಗಿ ಹಿಡಿದವು, ನಿಮ್ಮ ದಿನದ ದರ ಹಾಕಿ ನೋಡಿಕೊಳ್ಳಿ.

- ಮಾರುವವರು 3.72 ದಿರ್ಹಂಗೆ ಒಂದು ಯುಎಸ್‌ಡಿಟಿ ಕೊಟ್ಟರೆ ಸಿಗುವುದು 268.8. ಇಲ್ಲಿಗೆ ಹೋದದ್ದು 3.5 ಡಾಲರ್.
- ಎಕ್ಸ್‌ಚೇಂಜ್‌ನಿಂದ ವಾಲೆಟ್‌ಗೆ ತೆಗೆಯಲು 1 ಡಾಲರ್.
- ನಿಮ್ಮ ವಾಲೆಟ್‌ನಿಂದ ತಮ್ಮನ ವಾಲೆಟ್‌ಗೆ 6.5 ಟಿಆರ್‌ಎಕ್ಸ್, ಟಿಆರ್‌ಎಕ್ಸ್ 30 ಸೆಂಟ್ ಅಂತ ಹಿಡಿದರೆ ಸುಮಾರು 2 ಡಾಲರ್.
- ತಮ್ಮನ ವಾಲೆಟ್‌ನಿಂದ ಅಲ್ಲಿನ ಎಕ್ಸ್‌ಚೇಂಜ್‌ಗೆ ಇನ್ನೊಂದು 2 ಡಾಲರ್.
- ಭಾರತದಲ್ಲಿ ಮಾರುವಾಗ 1% ಟಿಡಿಎಸ್, ಸುಮಾರು 2.7 ಡಾಲರ್.

ಒಟ್ಟು 11.2 ಡಾಲರ್, ಅಂದ್ರೆ ಸುಮಾರು 41 ದಿರ್ಹಂ. ಟಿಡಿಎಸ್ ಮೊತ್ತವನ್ನು ರಿಟರ್ನ್ ಸಲ್ಲಿಸಿ ಕೇಳಬಹುದು, ಆದರೆ ಸಲ್ಲಿಸದವರಿಗೆ ಅದು ಹೋದ ಹಾಗೆಯೇ. ಈ 41ನ್ನು ನಿಮ್ಮ ಎಕ್ಸ್‌ಚೇಂಜ್ ಹೌಸ್‌ನ ರಸೀದಿಯಲ್ಲಿರುವ ಫೀ ಮತ್ತು ರೇಟಿನ ವ್ಯತ್ಯಾಸದ ಜೊತೆ ಹೋಲಿಸಿ. ಯಾವುದು ಅಗ್ಗ ಅಂತ ನಿಮಗೇ ಗೊತ್ತಾಗುತ್ತದೆ.

ತೆರಿಗೆಯ ವಿಷಯವೂ ಇದೆ. ಭಾರತದಲ್ಲಿ 2022ರ ಏಪ್ರಿಲ್‌ನಿಂದ ಕ್ರಿಪ್ಟೊ ಲಾಭಕ್ಕೆ 30% ತೆರಿಗೆ, ಅದೇ ವರ್ಷದ ಜುಲೈನಿಂದ 1% ಟಿಡಿಎಸ್ ಇದೆ. ಲಾಭದ ಲೆಕ್ಕದಲ್ಲಿ ಕೊಂಡ ಬೆಲೆಯನ್ನು ಮಾತ್ರ ಕಳೆಯಲು ಬಿಡುತ್ತಾರೆ. ಕಳಿಸಲು ಕೊಟ್ಟ ಗ್ಯಾಸ್, ಟಿಆರ್‌ಎಕ್ಸ್ ಕಳೆಯಲು ಆಗಲ್ಲ. ಊರಿನಲ್ಲಿ ಕ್ರಿಪ್ಟೊ ಮಾರಿ ಬಂದ ರೂಪಾಯಿಯನ್ನು ನಿಮ್ಮ ಎನ್‌ಆರ್‌ಇ ಖಾತೆಗೆ ಹಾಕುವ ಹಾಗೂ ಇಲ್ಲ. ನಾಳೆ ಮನೆ ಸಾಲಕ್ಕೆ ‘ವಿದೇಶದಿಂದ ಬಂದ ಹಣದ ದಾಖಲೆ ಕೊಡಿ’ ಅಂದಾಗ ಎಕ್ಸ್‌ಚೇಂಜ್ ಹೌಸ್ ರಸೀದಿ ನಡೆಯುತ್ತದೆ. ವಾಲೆಟ್‌ನ ಸ್ಕ್ರೀನ್‌ಶಾಟ್ ಆ ಜಾಗದಲ್ಲಿ ನಿಲ್ಲುವುದಿಲ್ಲ.

ಅಪರಿಚಿತರಿಗೆ ಯುಎಸ್‌ಡಿಟಿ ಮಾರಿದರೆ ಇನ್ನೊಂದು ಅಪಾಯ. ಅವರು ನಿಮ್ಮ ತಮ್ಮನ ಬ್ಯಾಂಕ್ ಖಾತೆಗೆ ಹಾಕಿದ ಹಣ ಯಾವುದೋ ವಂಚನೆಯದ್ದಾಗಿದ್ದರೆ, ಪೊಲೀಸ್ ದೂರಿನ ಮೇಲೆ ಆ ಖಾತೆಯೇ ಫ್ರೀಜ್ ಆಗಬಹುದು. ನೀವಿರುವ ದೇಶದ ಕಾನೂನೂ ನೋಡಿಕೊಳ್ಳಿ. ದುಬೈಯಲ್ಲಿ ಲೈಸೆನ್ಸ್ ಪಡೆದ ಕ್ರಿಪ್ಟೊ ಕಂಪನಿಗಳಿಗೆ ಅವಕಾಶ ಇದೆ. ಕುವೈತ್ 2023ರ ಜುಲೈನಲ್ಲಿ ಕ್ರಿಪ್ಟೊದಲ್ಲಿ ಪಾವತಿ, ಹೂಡಿಕೆ ಎರಡನ್ನೂ ನಿಷೇಧಿಸಿತು. ಗಲ್ಫ್‌ನ ಒಂದು ದೇಶದಲ್ಲಿ ಸರಿ ಇರುವುದು ಪಕ್ಕದ ದೇಶದಲ್ಲಿ ಕೆಲಸಕ್ಕೇ ಕುತ್ತು ತರಬಹುದು.

‘ಸೆಂಡ್’ ಒತ್ತುವ ಮುಂಚೆ

- ನೆಟ್‌ವರ್ಕ್ ಹೆಸರು ಎರಡೂ ಕಡೆ ಒಂದೇ ಇದೆಯಾ?
- ಶುಲ್ಕದ ನಾಣ್ಯ ಸಾಕಷ್ಟಿದೆಯಾ? ಟ್ರಾನ್ ಬಳಸುವವರು 30 ಟಿಆರ್‌ಎಕ್ಸ್ ಯಾವಾಗಲೂ ಉಳಿಸಿಕೊಳ್ಳಿ.
- ಪಡೆಯುವವರ ಬಳಿಯೂ ಶುಲ್ಕದ ನಾಣ್ಯ ಇದೆಯಾ?
- ವಿಳಾಸವನ್ನು ಹಳೆಯ ವಹಿವಾಟಿನ ಪಟ್ಟಿಯಿಂದ ನಕಲು ಮಾಡಬೇಡಿ. ನೋಡಲು ಅದೇ ರೀತಿ ಇರುವ ಕಳ್ಳ ವಿಳಾಸಗಳಿಂದ ಚಿಲ್ಲರೆ ಮೊತ್ತ ಕಳಿಸಿ ಆ ಪಟ್ಟಿಯಲ್ಲಿ ಸೇರಿಕೊಳ್ಳುವವರಿದ್ದಾರೆ.
- ದೊಡ್ಡ ಮೊತ್ತಕ್ಕೆ ಮುಂಚೆ ಸಣ್ಣದೊಂದನ್ನು ಕಳಿಸಿ ನೋಡಿ. ಎರಡು ಸಲ ಶುಲ್ಕ ಹೋದರೂ ಪರವಾಗಿಲ್ಲ.
- ವಹಿವಾಟಿನ ಐಡಿಯನ್ನು ಬರೆದಿಟ್ಟುಕೊಳ್ಳಿ. ಇದೇ ನಿಮ್ಮ ರಸೀದಿ. ಇದನ್ನು ಬೇರೆಯವರಿಗೆ ತೋರಿಸಿದರೂ ಹಣಕ್ಕೆ ಅಪಾಯ ಇಲ್ಲ.

ಮೋಸ ಆಗಿಹೋದರೆ

ನಾಚಿಕೆಪಟ್ಟು ಸುಮ್ಮನಿರಬೇಡಿ, ಗಂಟೆಗಳು ಮುಖ್ಯ. ಯುಎಸ್‌ಡಿಟಿ ಹೊರಡಿಸುವ ಟೆದರ್ ಕಂಪನಿಗೆ ಯಾವುದೇ ವಿಳಾಸದಲ್ಲಿರುವ ಯುಎಸ್‌ಡಿಟಿಯನ್ನು ತಡೆಹಿಡಿಯುವ ಶಕ್ತಿ ಇದೆ, ಪೊಲೀಸರು ಕೇಳಿದಾಗ ಹಾಗೆ ಮಾಡಿದ್ದೂ ಇದೆ. ಆದರೆ ಕಳ್ಳರು ಅದನ್ನು ಬೇರೆಡೆ ದಾಟಿಸುವ ಮುಂಚೆ ದೂರು ತಲುಪಬೇಕು. ದುಬೈಯಲ್ಲಿರುವವರು ದುಬೈ ಪೊಲೀಸ್‌ನ ಇ-ಕ್ರೈಮ್ ವೇದಿಕೆಯಲ್ಲಿ ದೂರು ಕೊಡಿ. ಭಾರತದ ಬ್ಯಾಂಕ್ ಖಾತೆ ಇದರಲ್ಲಿ ಸೇರಿದ್ದರೆ ಮನೆಯವರಿಂದ 1930ಕ್ಕೆ ಫೋನ್ ಮಾಡಿಸಿ, ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲೂ ದಾಖಲಿಸಿ. ವಹಿವಾಟಿನ ಐಡಿ, ಎರಡೂ ಕಡೆಯ ವಿಳಾಸ, ತಾರೀಕು, ಸಮಯ, ಚಾಟ್‌ನ ಸ್ಕ್ರೀನ್‌ಶಾಟ್ ಜೊತೆಗಿರಲಿ. ಚಾಟ್ ಅಳಿಸಬೇಡಿ.

ಇದಾದ ಮೇಲೂ ಒಬ್ಬರು ಬರುತ್ತಾರೆ: ‘ಕಳೆದ ಹಣ ವಾಪಸ್ ತರಿಸಿಕೊಡುತ್ತೇನೆ, ಮೊದಲು ಸ್ವಲ್ಪ ಫೀ ಕೊಡಿ’. ಅದೂ ಕೇಳುವ ಶುಲ್ಕವೇ. ಉತ್ತರ ಕೊಡದೆ ಬ್ಲಾಕ್ ಮಾಡಿ.